ಯಕ್ಷಗಾನದ ಕಿರೀಟ ಬಿಟ್ಟರೆ ನಮ್ಮೂರಿನಲ್ಲಿ ಇನ್ನೇನಿದೆ?

ಪ್ರಶ್ನೆ: ನಾನು ಮಣಿಪಾಲದಲ್ಲಿ ಡಿಸೈನ್ ಓದುತ್ತಿದ್ದೇನೆ, ಮೂರನೇ ವರ್ಷ. ಮನೆ ಕಟಪಾಡಿ. ಪಿಂಟರೆಸ್ಟ್, ಇನ್‌ಸ್ಟಾಗ್ರಾಂ ಎರಡರಲ್ಲೂ ಸೇರಿ 3,000ಕ್ಕೂ ಜಾಸ್ತಿ ಚಿತ್ರ ಸೇವ್ ಮಾಡಿಟ್ಟಿದ್ದೇನೆ. ಆದರೂ ಕೆಲಸಕ್ಕೆ ಕೂತರೆ ಏನೂ ಹೊಳೆಯುವುದಿಲ್ಲ. ಹೊಳೆದದ್ದೂ ಎಲ್ಲೋ ನೋಡಿದ ಹಾಗೇ ಇರುತ್ತದೆ. ಈ ಸೆಮಿಸ್ಟರ್‌ಗೆ ಕರಾವಳಿಯ ಕುಚ್ಚಲಕ್ಕಿಗೆ 5 ಕಿಲೋದ ಪ್ಯಾಕೆಟ್ ಡಿಸೈನ್ ಮಾಡಬೇಕು. ಯಕ್ಷಗಾನದ ಕಿರೀಟ ಹಾಕಿ ತೋರಿಸಿದೆ. "ಇದನ್ನು ಎಲ್ಲರೂ ಮಾಡಿದ್ದಾರೆ, ಇದರಲ್ಲಿ ನಿನ್ನದು ಯಾವುದು?" ಅಂದರು ನಮ್ಮ ಮೇಷ್ಟ್ರು. ನಮ್ಮೂರಿನಲ್ಲಿ ಯಕ್ಷಗಾನ ಬಿಟ್ಟರೆ ಇನ್ನೇನಿದೆ? ಸ್ಫೂರ್ತಿಯನ್ನು ಎಲ್ಲಿಂದ ತರಬೇಕು? ಮಾರ್ಚ್ ಕೊನೆಗೆ ಸಬ್ಮಿಷನ್.

ಉತ್ತರ: ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕೊಟ್ಟ ಕೆಲಸ ಅಕ್ಕಿಯದ್ದು. ನೀವು ಹುಡುಕಿದ್ದು ಚಿತ್ರಗಳನ್ನು. ಚಿತ್ರಗಳು ಸಿಕ್ಕಿದವು, ಕಿರೀಟವೂ ಸಿಕ್ಕಿತು. ಆದರೆ ಇಡೀ ಪ್ರಶ್ನೆಯಲ್ಲಿ ಅಕ್ಕಿಯ ಬಗ್ಗೆ ಒಂದು ಮಾತೂ ಇಲ್ಲ. ಅದರ ಬಣ್ಣ ಎಂಥದ್ದು, ಅದನ್ನು ಹಿಂದೆ ಯಾವುದರಲ್ಲಿ ತುಂಬಿಡುತ್ತಿದ್ದರು, ನಿಮ್ಮ ಮನೆಯಲ್ಲಿ ಯಾರು ಅಳೆಯುತ್ತಾರೆ, ಏನೂ ಇಲ್ಲ. ನಿಮ್ಮ ತೊಂದರೆ ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಸ್ಫೂರ್ತಿಯ ಕೊರತೆ ನಿಮಗಿಲ್ಲ. ಹುಡುಕಲು ಹೊರಟ ಜಾಗ ಮಾತ್ರ ಬೇರೆ ಆಗಿದೆ.

ಮೊದಲು ಆ 3,000 ಚಿತ್ರಗಳ ವಿಷಯ ಮುಗಿಸೋಣ. ಅವು ಕೆಟ್ಟವು ಅಂತ ನಾನು ಹೇಳುವುದಿಲ್ಲ, ನಾನೂ ನೋಡುತ್ತೇನೆ. ಆದರೆ ಅಂಥ ಆ್ಯಪ್‌ಗಳು ಕೆಲಸ ಮಾಡುವ ರೀತಿ ಗಮನಿಸಿ. ನೀವು ಒಂದು ಚಿತ್ರ ಸೇವ್ ಮಾಡಿದರೆ ಅದರಂಥದ್ದೇ ಇನ್ನೂ ಹತ್ತು ಬರುತ್ತವೆ. ನಿಮ್ಮ ಪಕ್ಕದ ಬೆಂಚಿನವರಿಗೂ ಹಾಗೇ ಬರುತ್ತವೆ. "ಅಕ್ಕಿ ಪ್ಯಾಕೇಜಿಂಗ್" ಅಂತ ಹುಡುಕಿದ ಎಲ್ಲರಿಗೂ ಕಂದು ಕಾಗದದ ಚೀಲ, ಸಣ್ಣ ಕಿಟಕಿ, ತೆಳು ಅಕ್ಷರ, ಒಂದು ತೆನೆಯ ರೇಖಾಚಿತ್ರ ಸಿಗುತ್ತದೆ. ಅದನ್ನು ಯಾರೋ ಎಲ್ಲೋ ಯಾವುದೋ ಕಾರಣಕ್ಕೆ ಮಾಡಿದ್ದರು. ಆ ಕಾರಣ ಚಿತ್ರದ ಜೊತೆ ಬರುವುದಿಲ್ಲ, ಮೇಲಿನ ಚರ್ಮ ಮಾತ್ರ ಬರುತ್ತದೆ. ಕೆಲಸಕ್ಕೆ ಕೂತಾಗ ಕೈ ಓಡದಿರುವುದು ಅದಕ್ಕೇ. ಚಿತ್ರ ನೆನಪಿದೆ, ಅದು ಯಾಕೆ ಹಾಗಿದೆ ಎಂಬುದು ಗೊತ್ತಿಲ್ಲ.

ಹಾಗಾಗಿ ನನ್ನ ಸಲಹೆ ಒಂದೇ. ಎರಡು ವಾರ ಚಿತ್ರ ಹುಡುಕುವುದು ಬಿಡಿ. ಅಕ್ಕಿಯ ಹಿಂದೆ ಹೋಗಿ. ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಹೋಗಿ, ಕೂತು ಬರೆದುಕೊಳ್ಳಿ. ಹೇಗೆ ಅಂತ ಸ್ವಲ್ಪ ತೋರಿಸುತ್ತೇನೆ.

ನೀವು ಮುಡಿ ನೋಡಿದ್ದೀರಾ? ಅಕ್ಕಿ ಮುಡಿ. ನಿಮ್ಮ ವಯಸ್ಸಿನವರು ದೇವಸ್ಥಾನದಲ್ಲೋ ಯಾವುದಾದರೂ ಕಾರ್ಯಕ್ರಮದ ವೇದಿಕೆಯ ಅಲಂಕಾರದಲ್ಲೋ ನೋಡಿರಬಹುದು. ನಾನು ನೋಡಿದ್ದು ಅಜ್ಜನ ಮನೆಯ ಅಟ್ಟದಲ್ಲಿ. ಏಣಿ ಹತ್ತಿ ತಲೆ ತೂರಿಸಿದರೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಸಾಲಾಗಿ ದೊಡ್ಡ ದೊಡ್ಡ ಉಂಡೆಗಳು ಕಾಣುತ್ತಿದ್ದವು. ಕೆಳಗಿನ ಒಲೆಯ ಹೊಗೆ ಕುಡಿದು ಹುಲ್ಲು ಜೇನಿನ ಬಣ್ಣಕ್ಕೆ ತಿರುಗಿತ್ತು. ಮೇಲೆ ಕೈಯಾಡಿಸಿದರೆ ಹಗ್ಗದ ಏಣುಗಳು ಬೆರಳಿಗೆ ಸಿಗುತ್ತಿದ್ದವು. ಗಟ್ಟಿ ಅಂದರೆ ಗಟ್ಟಿ, ಗುದ್ದಿದರೆ ಕೈಗೇ ನೋವು.

ಅದನ್ನು ಕಟ್ಟುವುದು ಬೈಹುಲ್ಲಿನಿಂದ. ಹುಲ್ಲನ್ನು ಒಪ್ಪ ಮಾಡಿ ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲಕ್ಕೆತ್ತಿ ಸುತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿಯುತ್ತಾರೆ. ಬಡಿಯುತ್ತಾರೆ, ಮತ್ತೆ ಬಿಗಿಯುತ್ತಾರೆ. ಒಂದು ಕಡೆಯಿಂದ ಬಿಗಿದರೆ ಇನ್ನೊಂದು ಕಡೆ ಉಬ್ಬುತ್ತದೆ, ಆದ್ದರಿಂದ ಉಂಡೆಯನ್ನು ತಿರುಗಿಸುತ್ತಾ ಕಟ್ಟಬೇಕು. ಕೊನೆಗೆ ಒಂದು ಕಾಳೂ ಹೊರಗೆ ಬರದ ಹಾಗೆ ದುಂಡಗೆ ನಿಲ್ಲುತ್ತದೆ. ಅಂಟು ಇಲ್ಲ, ಹೊಲಿಗೆ ಇಲ್ಲ, ಮುಚ್ಚಳ ಇಲ್ಲ. ಚೆನ್ನಾಗಿ ಒಣಗಿದ ಅಕ್ಕಿಯಾದರೆ ಕರಾವಳಿಯ ಮಳೆಗಾಲವನ್ನೂ ಅದು ಅಟ್ಟದಲ್ಲಿ ಕಳೆಯುತ್ತದೆ. ಹುಲ್ಲು ಉಸಿರಾಡುತ್ತದೆ, ಹೊಗೆ ಹುಳವನ್ನು ದೂರ ಇಡುತ್ತದೆ.

ಇದರಲ್ಲಿ ನನಗೆ ತುಂಬ ಇಷ್ಟವಾಗುವ ಸಂಗತಿ ಒಂದಿದೆ. ಅಕ್ಕಿಯನ್ನು ಹಿಡಿದಿಟ್ಟಿರುವುದು ಅದೇ ಅಕ್ಕಿಯ ಗಿಡ. ಗದ್ದೆಯಲ್ಲಿ ತೆನೆ ಹೊತ್ತು ನಿಂತ ಹುಲ್ಲೇ ಅಟ್ಟದಲ್ಲೂ ಅದನ್ನು ಹೊತ್ತಿದೆ. ಅಕ್ಕಿ ಖಾಲಿಯಾದರೆ ಹುಲ್ಲು ದನಕ್ಕೋ ಗೊಬ್ಬರಕ್ಕೋ ಹೋಯಿತು. ಇನ್ನೂ ಒಂದಿದೆ. ಮುಡಿ ಅಂದರೆ ಬರೀ ಚೀಲವಲ್ಲ, ಅಳತೆಯೂ ಹೌದು. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಒಟ್ಟು 42 ಸೇರು. ಗೇಣಿ ಕೊಡುತ್ತಿದ್ದುದು ಮುಡಿಯ ಲೆಕ್ಕದಲ್ಲಿ. ಗದ್ದೆಯನ್ನು ಹೇಳುತ್ತಿದ್ದುದೂ ಮುಡಿಯ ಲೆಕ್ಕದಲ್ಲೇ. ಚೀಲ, ಅಳತೆ, ಹಣ ಮೂರೂ ಒಂದೇ ವಸ್ತುವಾಗಿತ್ತು. ಕರಾವಳಿಯ ಅಕ್ಕಿಗೆ ಪ್ಯಾಕೇಜಿಂಗ್ ಮಾಡಬೇಕಾದವರ ಮನೆಯ ಹತ್ತಿರವೇ ಇಂಥ ಪ್ಯಾಕೇಜಿಂಗ್ ಇತ್ತು, ಅಲ್ವಾ?

ಈಗ ಒಂದು ಎಚ್ಚರಿಕೆ. ಇದನ್ನು ಓದಿ ನೀವು ಪ್ಯಾಕೆಟ್ ಮೇಲೆ ಕಿರೀಟದ ಬದಲು ಮುಡಿಯ ಚಿತ್ರ ಬರೆದರೆ ಕೆಲಸ ಮೊದಲಿದ್ದಲ್ಲೇ ಇರುತ್ತದೆ. ಚಿತ್ರ ಬದಲಾಯಿತು, ಯೋಚನೆ ಬದಲಾಗಲಿಲ್ಲ. ಮುಡಿಯಿಂದ ತೆಗೆದುಕೊಳ್ಳಬೇಕಾದದ್ದು ಅದರ ನಡವಳಿಕೆಯನ್ನು. ಹಗ್ಗ ಎಲ್ಲೆಲ್ಲಿ ಹಾದುಹೋಗಿದೆ? ಅಲ್ಲೇ ಯಾಕೆ? ಎರಡು ಹಗ್ಗ ಕೂಡುವಲ್ಲಿ ಗಂಟು ಹೇಗಿದೆ? ಆ ಗೆರೆಗಳು ಅಂದಕ್ಕೆ ಹಾಕಿದವಲ್ಲ, ಭಾರ ತಡೆಯಲು ಹಾಕಿದವು. ಆದರೂ ಎಷ್ಟು ಚಂದ ಕಾಣುತ್ತವೆ. ನಿಮ್ಮ ಪ್ಯಾಕೆಟ್‌ನಲ್ಲೂ ಭಾರ ಬೀಳುವ ಜಾಗಗಳಿವೆ: ಹಿಡಿಕೆ, ತಳದ ಮೂಲೆ, ಮೇಲಿನ ಮಡಿಕೆ. ಗೆರೆ, ಬಣ್ಣ, ಅಕ್ಷರ ಎಲ್ಲವೂ ಆ ಜಾಗಗಳಿಂದಲೇ ಹೊರಟರೆ ಏನಾಗುತ್ತದೆ? ಸೇರಿನ ಲೆಕ್ಕವನ್ನು ಪ್ಯಾಕೆಟ್‌ನ ಬದಿಯಲ್ಲಿ ಗೆರೆ ಹಾಕಿ ತೋರಿಸಿದರೆ, ಇನ್ನೆಷ್ಟು ದಿನಕ್ಕೆ ಅಕ್ಕಿ ಇದೆ ಎಂದು ಅಡುಗೆಮನೆಯಲ್ಲಿ ನಿಂತವರಿಗೆ ಗೊತ್ತಾಗುತ್ತದೆ. ಇವು ನನಗೆ ಕೂತಲ್ಲೇ ತೋಚಿದವು. ನೀವು ಮುಡಿಯ ಎದುರು ಒಂದು ಗಂಟೆ ಕೂತರೆ ಇದಕ್ಕಿಂತ ಒಳ್ಳೆಯದು ಬರುತ್ತದೆ.

ಅದೇ ರೀತಿ ಎಲೆಯಲ್ಲಿ ಹಿಟ್ಟು ಹೊಯ್ದು ಬೇಯಿಸುವ ಮೂಡೆ, ಕೊಟ್ಟೆ ನೋಡಿ. ಅಷ್ಟಮಿಗೆ ಮನೆಯಲ್ಲಿ ಮಾಡಿಯೇ ಇರುತ್ತಾರೆ. ಕೊಟ್ಟೆಗೆ ನಾಲ್ಕು ಹಲಸಿನ ಎಲೆ, ಅವನ್ನು ಸೇರಿಸಲು ತೆಂಗಿನ ಕಡ್ಡಿಯ ಚೂರು. ಮೂಡೆಗೆ ಕೇದಗೆ ಜಾತಿಯ ಮುಂಡುಗದ ಎಲೆ. ಅದರ ಅಂಚಿನ ಮುಳ್ಳು ತೆಗೆದು, ಬೆಂಕಿಯಲ್ಲಿ ಬಾಡಿಸಿ, ಸುರುಳಿ ಸುತ್ತಿ ಕೊಳವೆ ಮಾಡುತ್ತಾರೆ. ಹಿಟ್ಟು ಹೆಚ್ಚುಕಡಿಮೆ ಒಂದೇ, ಎಲೆ ಬೇರೆ. ಎಲೆ ಬೇರೆಯಾದ್ದರಿಂದ ಆಕಾರ ಬೇರೆ, ಪರಿಮಳ ಬೇರೆ. ಹಲಸಿನ ಎಲೆ ಗಿಡ್ಡ ಮತ್ತು ಗಟ್ಟಿ, ಅದು ಬಟ್ಟಲಾಗುತ್ತದೆ. ಮುಂಡುಗದ ಎಲೆ ಉದ್ದ ಮತ್ತು ಬಳುಕುವಂಥದ್ದು, ಅದು ಕೊಳವೆಯಾಗುತ್ತದೆ. ಯಾರೂ ಕೂತು ಆಕಾರ ಕಲ್ಪಿಸಲಿಲ್ಲ, ಎಲೆಯನ್ನು ಕೇಳಿದರು. ನೀವು ಪ್ಯಾಕೆಟ್‌ಗೆ ಆರಿಸಿದ ಕಾಗದವನ್ನೋ ಬಟ್ಟೆಯನ್ನೋ ಹೀಗೆ ಕೇಳಿದ್ದೀರಾ? ಮಡಿಚಿ, ನೆನೆಸಿ, ಹರಿದು ನೋಡಿದ್ದೀರಾ? ಮೊದಲು ಅದು ಆಗಲಿ, ಕಂಪ್ಯೂಟರ್ ಆಮೇಲೆ.

ಈ ಕಣ್ಣು ಬಂದ ಮೇಲೆ ಎಲ್ಲ ಕಡೆ ಕೆಲಸ ಕಾಣುತ್ತದೆ. ಹೆಂಚನ್ನೇ ತೆಗೆದುಕೊಳ್ಳಿ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು, ಜಾರ್ಜ್ ಪ್ಲೆಬ್ಸ್ಟ್ ಅದರ ಹಿಂದೆ ಇದ್ದವರು. ಮಂಗಳೂರು ಹೆಂಚು ಅಂತ ಲೋಕವೆಲ್ಲ ಹೆಸರಾಯಿತು. ಹಳೆ ಮನೆ ಕೆಡವಿದ ಜಾಗದಿಂದ ಒಂದು ಹೆಂಚು ತಂದು ಮೇಜಿನ ಮೇಲಿಡಿ. ಮೇಲಿನ ತೋಡುಗಳು ನೀರು ಇಳಿಯುವ ದಾರಿ. ಅಂಚಿನ ಏಣು ಪಕ್ಕದ ಹೆಂಚನ್ನು ಹಿಡಿದುಕೊಳ್ಳುವುದಕ್ಕೆ. ತಿರುಗಿಸಿದರೆ ಕೆಳಗೆ ಮಾಡಿನ ರೀಪಿಗೆ, ಅಂದರೆ ಮರದ ಪಟ್ಟಿಗೆ, ಸಿಕ್ಕಿಕೊಳ್ಳುವ ಸಣ್ಣ ಮೂಗು. ಒಂದು ಗೆರೆಯೂ ಸುಮ್ನೆ ಇಲ್ಲ. ಕಾರ್ಖಾನೆಯ ಹೆಸರಿನ ಅಕ್ಷರಗಳನ್ನೂ ನೋಡಿ. ದಪ್ಪ, ಬಿಡಿಬಿಡಿ, ಸರಳ. ಹಸಿ ಮಣ್ಣಿನಲ್ಲಿ ಅಚ್ಚೊತ್ತಿ, ಒಣಗಿಸಿ, ಸುಡುವಾಗ ಮಣ್ಣು ಕುಗ್ಗುತ್ತದೆ. ನಾಜೂಕಿನ ಅಕ್ಷರ ಅಲ್ಲಿ ಉಳಿಯುವುದಿಲ್ಲ. ನಿಮ್ಮದೂ ಒರಟು ಚೀಲದ ಮೇಲೆ ಅಚ್ಚಾಗುವ ಅಕ್ಷರವಾದರೆ ಈ ಹೆಂಚು ಒಳ್ಳೆಯ ಮೇಷ್ಟ್ರು.

ಅಕ್ಷರದ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವಿದ್ಯಾರ್ಥಿಗಳ ಕೆಲಸದಲ್ಲಿ ನನಗೆ ಅತಿ ಹೆಚ್ಚು ಬೇಸರ ತರಿಸುವುದು ಕನ್ನಡ ಅಕ್ಷರಗಳ ಪಾಡು. ಇಂಗ್ಲಿಷ್ ಹೆಸರಿಗೆ ಮೂರು ವಾರ ಒದ್ದಾಡಿರುತ್ತಾರೆ. ಕನ್ನಡವನ್ನು ಕೊನೆಯ ರಾತ್ರಿ, ಸಿಕ್ಕಿದ ಫಾಂಟ್‌ನಲ್ಲಿ, ಉಳಿದ ಜಾಗದಲ್ಲಿ ತುರುಕಿರುತ್ತಾರೆ. ದಪ್ಪ ಸಾಲದು ಅಂತ ಸುತ್ತ ಒಂದು ಗೆರೆ ಎಳೆದಿರುತ್ತಾರೆ, ಒಳಗಿನ ಸೊನ್ನೆಗಳೆಲ್ಲ ಮುಚ್ಚಿ ಹೋಗಿರುತ್ತವೆ. ಇದು ಆಗಬಾರದು. ಕನ್ನಡದ ಮೊದಲ ಪತ್ರಿಕೆ "ಮಂಗಳೂರು ಸಮಾಚಾರ" 1843ರ ಜುಲೈ 1ರಂದು ಹೊರಬಂದದ್ದು ನಮ್ಮ ಮಂಗಳೂರಿನಿಂದಲೇ. ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಅಂದರೆ ಅಕ್ಷರಗಳನ್ನು ಕೈಯಿಂದಲೇ ಬರೆದು ಕಲ್ಲಿನ ಮೂಲಕ ಕಾಗದಕ್ಕೆ ಇಳಿಸಿದ್ದು. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಊರಿನಲ್ಲಿ. ಇಂಥ ಊರಿನ ಪಕ್ಕದಲ್ಲಿ ಕೂತು ನಾವು ಕನ್ನಡವನ್ನು ಕೊನೆಗೆ ಇಟ್ಟುಕೊಳ್ಳುವುದು ಸರಿಯಲ್ಲ.

"ಕುಚ್ಚಲಕ್ಕಿ" ಎಂಬ ಪದವನ್ನೇ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ನೋಡುತ್ತಾ ಇರಿ. ನಾಲ್ಕು ಅಕ್ಷರ. ಎರಡನೆಯದಕ್ಕೆ ಒಂದು ಒತ್ತು, ನಾಲ್ಕನೆಯದಕ್ಕೆ ಇನ್ನೊಂದು. ಪದ ಎರಡು ಕಾಲೂರಿ ನಿಂತ ಹಾಗಿದೆ. ಇಂಗ್ಲಿಷ್‌ನಲ್ಲಿ ಬರೆದರೆ ಈ ಕಾಲು ಇಲ್ಲವೇ ಇಲ್ಲ. ಒತ್ತುಗಳಿಗೆ ಕೆಳಗೆ ಜಾಗ ಬೇಕು ಎಂದು ಬೈದುಕೊಳ್ಳುತ್ತೇವೆ, ಆದರೆ ಆ ಜಾಗದಲ್ಲೇ ನಿಮ್ಮ ಡಿಸೈನ್ ಇರಬಹುದು. ಪದ ಚೀಲದ ತಳದ ಮೇಲೆ ನಿಲ್ಲಬಹುದಲ್ಲವೇ? ಒತ್ತು ಕೆಳಗಿನ ಮಡಿಕೆಯನ್ನು ದಾಟಿ ಬರಬಹುದಲ್ಲವೇ? ನಾನಾಗಿದ್ದರೆ ಇಡೀ ಪ್ಯಾಕೆಟ್‌ಗೆ ಈ ಒಂದು ಪದ ಬಿಟ್ಟು ಬೇರೆ ಚಿತ್ರವೇ ಇಲ್ಲದೆ ಒಂದು ಮಾದರಿ ಮಾಡಿ ನೋಡುತ್ತಿದ್ದೆ. ಬಲೂ ತಮ್ಮ, ಅನೇಕ್ ಕನ್ನಡ ಥರದ ಒಳ್ಳೆಯ ಫಾಂಟ್‌ಗಳು ಈಗ ಉಚಿತವಾಗಿ ಸಿಗುತ್ತವೆ. ಸಣ್ಣ ಅಕ್ಷರದ ವಿವರಗಳಿಗೆ ಅವು ಸಾಕು. ಹೆಸರನ್ನು ಮಾತ್ರ ಕೈಯಲ್ಲಿ ಬರೆಯಿರಿ. ಬ್ರಷ್‌ನಲ್ಲಿ, ಇದ್ದಿಲಿನಲ್ಲಿ, ಹುಲ್ಲಿನ ಹಗ್ಗವನ್ನು ಮಸಿಯಲ್ಲಿ ಅದ್ದಿ. ಐವತ್ತು ಸಲ ಬರೆದರೆ ಒಂದೆರಡು ಜೀವ ಇರುವಂಥವು ಸಿಗುತ್ತವೆ.

ಇನ್ನು ಯಕ್ಷಗಾನ. ಬಿಡಿ ಅಂತ ನಾನು ಹೇಳುವುದಿಲ್ಲ. ಹೇಗೆ ಬಿಡುತ್ತೀರಿ, ನಿಮ್ಮೂರಿನಲ್ಲಿ ಡಿಸೆಂಬರ್ ಬಂತೆಂದರೆ ರಾತ್ರಿ ಚೆಂಡೆ ಕೇಳಿಸುತ್ತದೆ. ಆದರೆ ನೀವು ತೆಗೆದುಕೊಂಡ ಕಿರೀಟ ರಂಗಸ್ಥಳದ್ದು, ಅದೂ ಯಾರೋ ತೆಗೆದ ಫೋಟೋದ್ದು. ನೀವು ಹೋಗಬೇಕಾದದ್ದು ಚೌಕಿಗೆ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗಕ್ಕೆ. ಆಟ ಶುರುವಾಗುವ ಮುಂಚೆ ಅಲ್ಲಿ ಕಲಾವಿದರು ಎದುರಿಗೊಂದು ಕನ್ನಡಿ ಇಟ್ಟು ಕೂತಿರುತ್ತಾರೆ. ತಮ್ಮ ಮುಖಕ್ಕೆ ತಾವೇ ಬರೆದುಕೊಳ್ಳುತ್ತಾರೆ. ಮುಖದ ಅಗಲ, ಮೂಗಿನ ಉದ್ದ ಪ್ರತಿಯೊಬ್ಬರದ್ದೂ ಬೇರೆ, ಹಾಗಾಗಿ ಒಂದೇ ವೇಷದ ಗೆರೆ ಒಬ್ಬೊಬ್ಬರ ಮುಖದಲ್ಲೂ ಬೇರೆಯಾಗುತ್ತದೆ. ಕ್ರಮ ಒಂದೇ, ಕೈ ಬೇರೆ.

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷದವರ, ಅಂದರೆ ರಕ್ಕಸರ ಪಾತ್ರ ಮಾಡುವವರ ಪಕ್ಕ ಕೂರಲು ಅವಕಾಶ ಸಿಕ್ಕಿದರೆ ಬಿಡಬೇಡಿ. ಚುಟ್ಟಿ ಇಡುವುದನ್ನು ನೋಡಿ. ಒಂದು ಕಡ್ಡಿ, ಒಂದು ಬಟ್ಟಲಿನಲ್ಲಿ ಬಿಳಿ ಹಿಟ್ಟು. ಕಡ್ಡಿಯ ತುದಿಯಲ್ಲಿ ಹಿಟ್ಟು ಎತ್ತಿ ಕೆನ್ನೆಯ ಮೇಲೆ ಇಟ್ಟು ಮೆಲ್ಲಗೆ ಎಳೆದರೆ ಒಂದು ಸಣ್ಣ ಮುಳ್ಳು ಎದ್ದು ನಿಲ್ಲುತ್ತದೆ. ಅದರ ಪಕ್ಕ ಇನ್ನೊಂದು. ಅದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಸುತ್ತು. ಹೀಗೆ ಗಂಟೆಗಟ್ಟಲೆ. ಕೊನೆಗೆ ರಕ್ಕಸನ ಮುಖ ಕಟ್ಟಿ ನಿಲ್ಲುತ್ತದೆ. ಆ ಬಿಳಿ ಹಿಟ್ಟು ಏನು ಗೊತ್ತಾ? ಅಕ್ಕಿ ಹಿಟ್ಟು ಮತ್ತು ಸುಣ್ಣ. ನಿಮ್ಮ ಅಕ್ಕಿ ಅಲ್ಲೂ ಇದೆ. ಕಿರೀಟದ ಚಿತ್ರ ಹಾಕಿದಾಗ ಅಕ್ಕಿಗೂ ಯಕ್ಷಗಾನಕ್ಕೂ ಸಂಬಂಧ ಏನು ಎಂದು ಯಾರಾದರೂ ಕೇಳಿದ್ದರೆ ನಿಮ್ಮಲ್ಲಿ ಉತ್ತರ ಇರುತ್ತಿರಲಿಲ್ಲ. ಚುಟ್ಟಿಯ ಮುಳ್ಳಿನ ಸಾಲಿನಿಂದ ಒಂದು ವಿನ್ಯಾಸ ಮಾಡಿದರೆ ಉತ್ತರ ಅದರಲ್ಲೇ ಇರುತ್ತದೆ.

ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರ ರೇಖೆಗಳನ್ನು ನೋಡಿದ್ದೀರಿ ತಾನೇ? ನೋಡಿಲ್ಲದಿದ್ದರೆ ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ಅವರ ಕೃತಿಗಳಿವೆ, ನಿಮ್ಮ ಕಾಲೇಜಿನಿಂದ ದೂರವಿಲ್ಲ. ಯಕ್ಷಗಾನ ನೋಡುತ್ತಾ ಬೆಳೆದವರು ಅವರು. ಮುಂಬೈ, ಪ್ಯಾರಿಸ್ ಎಲ್ಲ ಕಡೆ ಕಲಿತರು. ಅವರ ನರ್ತಕರ ರೇಖಾಚಿತ್ರಗಳಲ್ಲಿ ವೇಷಭೂಷಣದ ವಿವರ ಬಹಳ ಕಡಿಮೆ. ಇರುವುದು ಮೈ ತಿರುಗಿದ ವೇಗ, ಕಾಲು ಎತ್ತಿದ ಭಾರ. ಒಂದೇ ಗೆರೆ ತೆಳ್ಳಗಾಗುತ್ತದೆ, ದಪ್ಪವಾಗುತ್ತದೆ, ಹಾಡಿನ ಹಾಗೆ ಏರಿಳಿಯುತ್ತದೆ. ಊರಿನಿಂದ ಏನು ತೆಗೆದುಕೊಳ್ಳಬೇಕು, ಏನು ಬಿಡಬೇಕು ಎಂಬುದು ಅವರ ಒಂದು ಹಾಳೆಯ ಮುಂದೆ ಹತ್ತು ನಿಮಿಷ ನಿಂತರೆ ಅರ್ಥವಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. ದೈವದ ಮೊಗ (ಮುಖವಾಡ), ಅಣಿ (ಬೆನ್ನಿಗೆ ಕಟ್ಟುವ ಪ್ರಭಾವಳಿ), ಮುಖವರ್ಣಿಕೆ (ಮುಖದ ಬಣ್ಣ). ದೈವಗಳನ್ನು ಆರಾಧಿಸುವ ಕೋಲದ ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಆ ಹಳದಿ ಮುಖ, ತೆಂಗಿನ ಸಿರಿಯ ಸೊಂಟಪಟ್ಟಿ ನೋಡಿದ ಯಾವ ಡಿಸೈನ್ ವಿದ್ಯಾರ್ಥಿಗೂ ಕೈ ತುರಿಸುತ್ತದೆ. ನನಗೂ ಹಾಗೇ ಆಗಿತ್ತು. ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬರ ತಿಂಡಿ ಪೊಟ್ಟಣಕ್ಕೆ ಮೊಗದ ಚಿತ್ರ ಮಾಡಿಕೊಟ್ಟೆ. ಎಲ್ಲರೂ ಹೊಗಳಿದರು. ಅಚ್ಚಿಗೆ ಕೊಡುವ ಮೊದಲು ಮಾದರಿಯನ್ನು ನಮ್ಮ ಕುಟುಂಬದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಬೈಯಲಿಲ್ಲ. ಪೊಟ್ಟಣವನ್ನು ತಿರುಗಿಸಿ ನೋಡಿ, "ತಿಂದ ಮೇಲೆ ಇದನ್ನು ಎಲ್ಲಿ ಬಿಸಾಡುತ್ತಾರೆ?" ಎಂದು ಕೇಳಿದರು. ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಹೋಗಿ ಆ ಚಿತ್ರ ವಾಪಸ್ ತೆಗೆದುಕೊಂಡೆ, ಬೇರೆ ಮಾಡಿಕೊಟ್ಟೆ. ಪ್ಯಾಕೆಟ್ ಅಂದರೆ ಕೊನೆಗೆ ಕಸದ ಬುಟ್ಟಿಗೋ ಚರಂಡಿಗೋ ಹೋಗುವ ವಸ್ತು. ಇನ್ನೊಬ್ಬರು ಕೈ ಮುಗಿಯುವುದನ್ನು ಅದರ ಮೇಲೆ ಹಾಕಬಾರದು. ಆ ಕಲೆಯನ್ನು ಕಲಿಯಲು, ಚಿತ್ರ ಬರೆದುಕೊಳ್ಳಲು ಹೋಗುವುದಾದರೆ ಕೋಲ ನಡೆಸುವ ಮನೆಯವರ, ದೈವ ಕಟ್ಟುವವರ ಒಪ್ಪಿಗೆ ಕೇಳಿ ಹೋಗಿ. ಬರೆದುಕೊಂಡದ್ದು ನಿಮ್ಮ ಪುಸ್ತಕದಲ್ಲಿರಲಿ.

ಬಣ್ಣದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಫೋನಿನ ಫೋಟೋದಿಂದ ಬಣ್ಣ ಎತ್ತಬೇಡಿ, ಕ್ಯಾಮೆರಾ ತನಗೆ ಬೇಕಾದ ಹಾಗೆ ಬಣ್ಣ ತಿದ್ದುತ್ತದೆ. ಒಂದು ಹಿಡಿ ಕುಚ್ಚಲಕ್ಕಿಯನ್ನು ಬಿಳಿ ಕಾಗದದ ಮೇಲೆ ಹರಡಿ ಕಿಟಕಿಯ ಹತ್ತಿರ ಇಡಿ. ಅದು ಕೆಂಪಲ್ಲ. ಕೆಲವು ಕಾಳು ಇಟ್ಟಿಗೆಯ ಬಣ್ಣ, ಕೆಲವು ಒಣ ಅಡಿಕೆ ಸಿಪ್ಪೆಯ ಬಣ್ಣ, ತವುಡು ಹೋದಲ್ಲಿ ಮಾಸಲು ಬಿಳಿಯ ಗೀರು. ಪೋಸ್ಟರ್ ಕಲರ್‌ನಲ್ಲಿ ಆ ಮೂರನ್ನೂ ಕಲಸಿ ಪಡೆಯಿರಿ. ಗಂಜಿಯ ತಿಳಿಗೆ ಇನ್ನೊಂದು ಬಣ್ಣವಿದೆ, ತಣಿದ ಮೇಲೆ ಇನ್ನೂ ಬೇರೆ. ನಿಮ್ಮ ಪ್ಯಾಕೆಟ್‌ಗೆ ಇದಕ್ಕಿಂತ ಜಾಸ್ತಿ ಬಣ್ಣ ಬೇಕಾಗುವುದಿಲ್ಲ.

ಅಕ್ಕಿ ಇನ್ನೂ ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತದೆ. ಹೊಸ ತೆನೆ ತಂದು ಮಾವಿನ ಎಲೆ, ಹಲಸಿನ ಎಲೆಯ ಜೊತೆ ಸೇರಿಸಿ ಮನೆಯ ಬಾಗಿಲಿಗೆ, ಕಂಬಕ್ಕೆ ಕಟ್ಟುವ ಕ್ರಮ ನಿಮಗೆ ಗೊತ್ತೇ ಇದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ಟ್‌ಗೆ, ಅಂದರೆ ಕನ್ಯಾ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಇದೇ ತೆನೆ ಚರ್ಚಿನಲ್ಲಿ ಆಶೀರ್ವಾದ ಪಡೆದು ಕೊಂಕಣಿ ಕ್ರೈಸ್ತರ ಮನೆಗೆ ಹೋಗುತ್ತದೆ, ಅಂದು ಹೊಸಕ್ಕಿಯ ಊಟ. ಎರಡೂ ಮನೆಯ ತೆನೆ ಕಟ್ಟುವ ಕೈಗಳನ್ನು ಬರೆದುಕೊಂಡರೆ ಅದೇ ಒಂದು ಸರಣಿ. ಈ ಸೆಮಿಸ್ಟರ್‌ಗೆ ಅದು ದಾಟಿ ಹೋಗಿದೆ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಪ್ಯಾಕೆಟ್‌ಗೆ ತುಂಬಬೇಡಿ. ಸಿಕ್ಕಿದ್ದರಲ್ಲಿ ಒಂದನ್ನು ಆರಿಸಿ ಉಳಿದದ್ದನ್ನು ಪುಸ್ತಕದಲ್ಲಿ ಬಿಡುವುದು ಕಷ್ಟ, ನನಗೂ ಈಗಲೂ ಕಷ್ಟ. ಆದರೆ ಬಿಟ್ಟದ್ದು ವ್ಯರ್ಥವಾಗುವುದಿಲ್ಲ. ಇನ್ನೊಂದು ಕೆಲಸದಲ್ಲಿ, ನೀವು ಮರೆತಿರುವಾಗ, ಅದು ಎದ್ದು ಬರುತ್ತದೆ.

ಹೀಗೆ ನೋಡಿ ಬಂದ ಮೇಲೆ ಕೆಲಸಕ್ಕೆ ಕೂತರೂ ಮೊದಲ ಹತ್ತು ಸ್ಕೆಚ್ ಪಿಂಟರೆಸ್ಟ್‌ನವೇ ಆಗಿರುತ್ತವೆ. ಹೆದರಬೇಡಿ. ಅವು ಕೈಯಲ್ಲಿ ಕೂತಿವೆ, ಹೊರಗೆ ಬರಬೇಕು. ಬರೆದು ಪಕ್ಕಕ್ಕಿಡಿ. ಸ್ಕೆಚ್ ಪುಸ್ತಕದಲ್ಲಿ ಪ್ರತಿ ಚಿತ್ರದ ಕೆಳಗೆ ಒಂದು ಸಾಲು ಬರೆಯುವ ಅಭ್ಯಾಸ ಮಾಡಿಕೊಳ್ಳಿ: ಇದು ಯಾಕೆ ಹೀಗಿದೆ? "ಹಗ್ಗ ಇಲ್ಲಿ ಎರಡು ಸುತ್ತು, ಯಾಕೆಂದರೆ ಹೊರುವವರು ಇಲ್ಲಿ ಹಿಡಿಯುತ್ತಾರೆ." ಇಂಥ ಸಾಲು. ಸ್ಕೆಚ್‌ಗಿಂತ ಈ ಸಾಲುಗಳೇ ಆಮೇಲೆ ನಿಮ್ಮ ಕೈ ಹಿಡಿಯುತ್ತವೆ. "ಇದರಲ್ಲಿ ನಿನ್ನದು ಯಾವುದು" ಎಂದು ಕೇಳಿದಾಗ ಪುಸ್ತಕ ತೆರೆದು ತೋರಿಸಬಹುದು.

ಕಾಗದದ ಮಾದರಿ ಬೇಗ ಮಾಡಿ. ಕಂಪ್ಯೂಟರ್ ಪರದೆಯ ಮೇಲೆ ಪ್ಯಾಕೆಟ್ ಯಾವಾಗಲೂ ಖಾಲಿಯಾಗಿ, ನೆಟ್ಟಗೆ, ಒಳ್ಳೆಯ ಬೆಳಕಿನಲ್ಲಿ ನಿಂತಿರುತ್ತದೆ. ನಿಜದ 5 ಕಿಲೋ ಅಕ್ಕಿ ತುಂಬಿ ನೋಡಿ. ಹೊಟ್ಟೆ ಉಬ್ಬುತ್ತದೆ, ನಡುವೆ ಬರೆದ ಹೆಸರು ಅಗಲವಾಗುತ್ತದೆ, ಬದಿಯ ಅಕ್ಷರ ಮಡಿಕೆಯೊಳಗೆ ಹೋಗುತ್ತದೆ. ಅದನ್ನು ಕಟಪಾಡಿ ಪೇಟೆಯ ಯಾವುದಾದರೂ ದಿನಸಿ ಅಂಗಡಿಗೆ ಒಯ್ದು ಒಂದು ಗಳಿಗೆ ಬೇರೆ ಚೀಲಗಳ ನಡುವೆ ಇಡಲು ಕೇಳಿ. ದೂರ ನಿಂತು ನೋಡಿ. ಅಂಗಡಿಯವರು ಅದನ್ನು ಎತ್ತುವ ರೀತಿ ನೋಡಿ. ಮೂಲೆ ಹಿಡಿದು ಎಳೆಯುತ್ತಾರೆ, ಹೆಗಲಿಗೆ ಹಾಕುತ್ತಾರೆ, ಸ್ಕೂಟರ್‌ನ ಕಾಲಿಡುವಲ್ಲಿ ಅಡ್ಡ ಮಲಗಿಸುತ್ತಾರೆ. ಅಡ್ಡ ಮಲಗಿದಾಗಲೂ ಹೆಸರು ಓದಲು ಬರುತ್ತದಾ? ಅಚ್ಚು ಮಾಡುವವರನ್ನೂ ಈಗಲೇ ಮಾತಾಡಿಸಿ, ಎರಡು ಬಣ್ಣಕ್ಕೂ ನಾಲ್ಕು ಬಣ್ಣಕ್ಕೂ ಖರ್ಚಿನಲ್ಲಿ ಎಷ್ಟು ವ್ಯತ್ಯಾಸ ಎಂದು ತಿಳಿದುಕೊಳ್ಳಿ. ತೂಕ, ಬೆಲೆ, ತಯಾರಕರ ವಿಳಾಸ, ಪ್ಯಾಕ್ ಮಾಡಿದ ದಿನ, ಆಹಾರ ಪರವಾನಗಿಯ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ಇವೆಲ್ಲ ಇರಲೇಬೇಕಾದವು. ಇವುಗಳಿಗೆ ಮೊದಲೇ ಜಾಗ ಇಟ್ಟುಕೊಳ್ಳಿ. ಕೊನೆಗೆ ತುರುಕಿದರೆ ಮಾಡಿದ ಎಲ್ಲ ಕೆಲಸ ಕೆಡುತ್ತದೆ.

ಇಷ್ಟೆಲ್ಲ ಆದ ಮೇಲೆ ಪಿಂಟರೆಸ್ಟ್ ತೆರೆಯಿರಿ. ಆಗ ಅದು ಬೇರೆ ಥರ ಕಾಣುತ್ತದೆ. "ಒತ್ತು ಮಡಿಕೆ ದಾಟಿದರೆ ಅಚ್ಚಿನಲ್ಲಿ ಹೇಗೆ ನಿಭಾಯಿಸಿದ್ದಾರೆ" ಎಂಬಂಥ ಒಂದು ಸಣ್ಣ ಪ್ರಶ್ನೆ ಹಿಡಿದು ಹೋಗುತ್ತೀರಿ, ಉತ್ತರ ಸಿಕ್ಕಿದ ಕೂಡಲೇ ಹೊರಗೆ ಬರುತ್ತೀರಿ.

ಮಾರ್ಚ್ ಕೊನೆ ಅಂದಿದ್ದೀರಿ, ಸಮಯ ಸಾಕಷ್ಟಿದೆ. ಯಕ್ಷಗಾನದ ಮೇಳಗಳು ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ವಾರದವರೆಗೆ ತಿರುಗಾಟದಲ್ಲಿರುತ್ತವೆ. ಹತ್ತಿರ ಎಲ್ಲಿ ಆಟ ಇದೆ ಎಂದು ವಿಚಾರಿಸಿ ಸಂಜೆಯೇ ಹೋಗಿ, ಚೌಕಿಯಲ್ಲಿ ಕೂರಬಹುದಾ ಎಂದು ಮೇಳದವರನ್ನು ಕೇಳಿ. ಚಪ್ಪಲಿ ಹೊರಗೆ ಬಿಡಿ, ಫ್ಲಾಶ್ ಹಾಕಬೇಡಿ, ಬಣ್ಣ ಹಚ್ಚುತ್ತಿರುವವರನ್ನು ಮಾತಿಗೆ ಎಳೆಯಬೇಡಿ. ಅದಕ್ಕೂ ಮೊದಲು, ಈ ಭಾನುವಾರವೇ, ನಿಮ್ಮ ಮನೆಯ ಹಿರಿಯರಲ್ಲಿ ಮುಡಿ ಕಟ್ಟಲು ಬರುವವರು ಊರಿನಲ್ಲಿ ಯಾರಿದ್ದಾರೆ ಎಂದು ಕೇಳಿ. ಕಟಪಾಡಿ, ಮಟ್ಟು, ಶಂಕರಪುರದ ಕಡೆ ಗದ್ದೆ ಇರುವ ಮನೆಗಳಲ್ಲಿ ವಿಚಾರಿಸಿ. ಸಿಕ್ಕಿದರೆ ಸಣ್ಣದೊಂದು ಮುಡಿ ಕಟ್ಟಿಸಿಕೊಳ್ಳಿ, ಅವರ ಕೂಲಿ ಕೊಟ್ಟು. ಆಮೇಲೆ ಅವರ ಮುಂದೆಯೇ ಅದನ್ನು ಬಿಚ್ಚಿ, ನೀವೇ ಒಂದು ಸಲ ಕಟ್ಟಿ ನೋಡಿ.